ಗೆಳತಿಯ ಅಪ್ಪನ ಜೊತೆ ಒಂದು ಊಟ

ಡ್ರೆಸ್ಡೆನ್
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ಉಭಯಕುಶಲೋಪರಿ ಎಂದು ಬರೆದರೆ ಅಪ್ಪನಿಗೆ ಸಂತೋಷವಾಗುತ್ತದೆ, ಅದಕ್ಕೇ ಬರೆದಿದ್ದೇನೆ. ಇನ್ನು ವಿಷಯ. ಇದನ್ನೆಲ್ಲ ಫೋನಿನಲ್ಲಿ ಹೇಳಹೊರಟರೆ ನೀನು ಮಾತಿಗೊಂದು ಪ್ರಶ್ನೆ ಹಾಕುತ್ತೀಯ, ಹೇಳಬೇಕಾದದ್ದು ಎಲ್ಲೋ ಉಳಿದು ಕೊನೆಗೆ ಮಾತು ನನ್ನ ತಲೆಗೂದಲು ಉದುರುವುದರ ಬಳಿ ಬಂದು ನಿಲ್ಲುತ್ತದೆ. ಹಾಗಾಗಿ ಪತ್ರ. ಇದನ್ನು ತಂದುಕೊಡುವವರ ಬಗ್ಗೆಯೇ ಇದರಲ್ಲಿ ಬರೆದಿದ್ದೇನೆ. ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಓದುತ್ತಾ ಕೂರಬೇಡ. ಒಳಗೆ ಕರೆದು, ಸಕ್ಕರೆ ಹಾಕದ ಕಾಫಿ ಕೊಟ್ಟು, ಅವರು ಹೋದ ಮೇಲೆ ಓದು.

ಪದಬಂಧದ ಗೆಳತಿ ಎಂದು ಹೇಳುತ್ತಿದ್ದೆನಲ್ಲ, ಅವಳ ತಂದೆ ಇವರು. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯೊಳಗೆ ಕುಳಿತಿದ್ದಾಗ ಮೊಬೈಲಿನಲ್ಲೇ ಪರಿಚಯವಾದವಳು. ‘ಜಯನಗರ ಎಲ್ಲಿ, ಹನುಮಂತನಗರ ಎಲ್ಲಿ, ನಡೆದುಕೊಂಡೇ ಹೋಗಬಹುದು, ಆದರೂ ಒಬ್ಬರ ಮುಖ ಒಬ್ಬರು ನೋಡಿಲ್ಲ, ಇದೆಂಥ ಸ್ನೇಹ’ ಎಂದು ನೀನು ಮೂಗು ಮುರಿಯುತ್ತಿದ್ದೆ. ಲಾಕ್‌ಡೌನ್ ಮುಗಿಯುವ ಹೊತ್ತಿಗೆ ನಾನು ಇಲ್ಲಿಗೆ ಹೊರಟೆ. ರಜೆಗೆ ಬಂದಾಗಲೆಲ್ಲ ಒಂದಲ್ಲ ಒಂದು ಮದುವೆ, ಇಲ್ಲವೇ ಅವಳಿಗೆ ಬ್ಯಾಂಕಿನ ತರಬೇತಿ. ಬೆಂಗಳೂರಿನಲ್ಲಿ ಆಗದ ಭೇಟಿ ಜರ್ಮನಿಯಲ್ಲಿ ಆಯಿತು, ಅದೂ ಅವಳ ಬದಲಿಗೆ ಅವಳ ಅಪ್ಪನ ಜೊತೆ.

ಅಂಕಲ್ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಮೂಲತಃ ಗದಗಿನ ಕಡೆಯವರು. ಮಗ ಬರ್ಲಿನ್‌ನಲ್ಲಿದ್ದಾನೆ, ಮೊಮ್ಮಗು ಹುಟ್ಟಿದೆ, ಅದಕ್ಕೆಂದು ಬಂದಿದ್ದಾರೆ. ಆಂಟಿ ಮಗುವನ್ನು ಬಿಟ್ಟು ಕದಲುವುದಿಲ್ಲ. ಇವರಿಗೆ ಅಲ್ಲಿ ಕೈಯಲ್ಲಿ ಕೆಲಸವಿಲ್ಲ. ಎರಡು ದಿನಕ್ಕೆ ಡ್ರೆಸ್ಡೆನ್ ನೋಡಿಬರುತ್ತೇನೆ ಎಂದು ಒಬ್ಬರೇ ರೈಲು ಹತ್ತಿದ್ದಾರೆ. ಇಲ್ಲಿನ ಅರಮನೆ, ಚಿತ್ರಶಾಲೆ ಯಾವುದೂ ಅವರಿಗೆ ಬೇಕಿರಲಿಲ್ಲ. ‘ಕೃಂಬಿಗಲ್ ಹುಟ್ಟಿದ ಊರು ನಿನ್ನ ಮನೆಯಿಂದ ಎಷ್ಟು ದೂರವಮ್ಮ?’ ಎಂಬುದು ನನಗೆ ಅವರು ಕೇಳಿದ ಮೊದಲ ಪ್ರಶ್ನೆ.

ಲಾಲ್‌ಬಾಗ್ ಪಕ್ಕದ ಕೃಂಬಿಗಲ್ ರಸ್ತೆಯಲ್ಲಿ ನಾವು ಎಷ್ಟು ಸಲ ಆಟೋದಲ್ಲಿ ಹೋಗಿಲ್ಲ! ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ನಾನಿರುವ ಈ ಊರಿನ ಮಗ್ಗುಲಿನವನು ಎಂಬುದು ಇಷ್ಟು ದಿನ ನನಗೆ ಹೊಳೆದಿರಲಿಲ್ಲ. 1865ರಲ್ಲಿ ಲೋಹ್ಮೆನ್ ಎಂಬ ಹಳ್ಳಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ದುಡಿದು, ಬರೋಡಾಕ್ಕೆ ಹೋಗಿ, 1908ರಲ್ಲಿ ಬೆಂಗಳೂರಿಗೆ ಬಂದವರು. 1932ರವರೆಗೆ ಲಾಲ್‌ಬಾಗ್ ಅವರ ಕೈಯಲ್ಲಿತ್ತು. ಒಂದು ಜಾತಿಯ ಮರದ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಯಾವುದಾದರೂ ಬೀದಿಯಲ್ಲಿ ಹೂವಿರಬೇಕು ಎಂದು ಲೆಕ್ಕ ಹಾಕಿ ಸಾಲುಮರ ನೆಡಿಸಿದರು. ಅಂಕಲ್‌ಗೆ ಇಷ್ಟವಾದದ್ದು ಆ ಲೆಕ್ಕವೇ ಇರಬೇಕು. ದಿನವೂ ಬೆಳಗ್ಗೆ ಐದೂವರೆಗೆ ಪಶ್ಚಿಮ ದ್ವಾರದಿಂದ ಲಾಲ್‌ಬಾಗ್ ಒಳಗೆ ಹೋಗುವವರು ಅವರು. ‘ಆ ಮನುಷ್ಯ ತಿರುಗಿ ಊರಿಗೆ ಹೋಗಲಿಲ್ಲ, 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ, ಸಮಾಧಿ ಹೊಸೂರು ರಸ್ತೆಯಲ್ಲಿದೆ. ಅವನ ಪರವಾಗಿ ನಾನಾದರೂ ಒಮ್ಮೆ ನೋಡಿಕೊಂಡು ಬರುತ್ತೇನೆ’ ಎಂದರು. ಕಚೇರಿಯಲ್ಲಿ ಕೇಳಿ ನೋಡಿದೆ, ಇಲ್ಲಿಯೇ ಹುಟ್ಟಿ ಬೆಳೆದವರಿಗೂ ಆ ಹೆಸರು ಗೊತ್ತಿಲ್ಲ.

ಲೋಹ್ಮೆನ್‌ಗೆ ನಾಳೆ ಅವರೇ ಹೋಗುತ್ತಾರೆ, ನನಗೆ ರಜೆ ಇಲ್ಲ. ಪಿರ್ನಾದಲ್ಲಿ ರೈಲು ಬದಲಿಸಬೇಕು, ಅಷ್ಟೆ. ಕಾಗದದ ಮೇಲೆ ಬರೆದುಕೊಟ್ಟಿದ್ದೇನೆ. ಇವತ್ತು ಪಿಲ್ನಿಟ್ಸ್‌ಗೆ ಕರೆದುಕೊಂಡು ಹೋಗಿದ್ದೆ. ಕೃಂಬಿಗಲ್ ತೋಟಗಾರಿಕೆ ಕಲಿತದ್ದು ಅಲ್ಲಿಯೇ ಎಂದು ಅಂಕಲ್ ಹೇಳಿದರು. ಟ್ರಾಮಿನಲ್ಲಿ ಕೊನೆಯವರೆಗೂ ಹೋಗಿ, ಅಲ್ಲಿಂದ ಎಲ್ಬೆ ನದಿಯನ್ನು ದೋಣಿಯಲ್ಲಿ ದಾಟಿದರೆ ಎದುರಿಗೇ ಸ್ಯಾಕ್ಸನಿ ರಾಜರ ಬೇಸಿಗೆ ಅರಮನೆ. ಅದರ ತೋಟದಲ್ಲಿ ಒಂದು ಕ್ಯಾಮೆಲಿಯಾ ಗಿಡವಿದೆ. ಗಿಡ ಎನ್ನುವುದು ತಪ್ಪು, ಎರಡಾಳಿಗಿಂತ ಎತ್ತರದ ಮರ. ಜಪಾನಿನ ಜಾತಿ, 1801ರಲ್ಲಿ ಅಲ್ಲಿ ನೆಟ್ಟದ್ದು. ಇಲ್ಲಿನ ಚಳಿ ಅದಕ್ಕೆ ಆಗುವುದಿಲ್ಲ. ಅದಕ್ಕೆಂದು ಒಂದು ದೊಡ್ಡ ಗಾಜಿನ ಮನೆ ಕಟ್ಟಿ, ಅದನ್ನು ಹಳಿಯ ಮೇಲೆ ಕೂರಿಸಿದ್ದಾರೆ. ಚಳಿಗಾಲ ಬಂತೆಂದರೆ ಆ ಮನೆಯನ್ನು ಮರದ ಮೇಲೆ ಸರಿಸುತ್ತಾರೆ, ಬೇಸಿಗೆಯಲ್ಲಿ ಪಕ್ಕಕ್ಕೆ ಎಳೆಯುತ್ತಾರೆ. ಈಗ ಜೂನ್, ಹೂವಿಲ್ಲ, ಗಾಜಿನ ಮನೆ ಪಕ್ಕದಲ್ಲಿ ಖಾಲಿ ನಿಂತಿತ್ತು. ಅಂಕಲ್ ಮರವನ್ನು ಒಂದು ನಿಮಿಷ ನೋಡಿದರು, ಆಮೇಲೆ ಬಗ್ಗಿ ಹಳಿಯನ್ನೇ ನೋಡುತ್ತಾ ನಿಂತರು. ಅಗಲವನ್ನು ಹೆಜ್ಜೆಯಲ್ಲಿ ಅಳೆದರು. ‘ನಮ್ಮ ಗಾಜಿನ ಮನೆ ನಿಂತಲ್ಲೇ ನಿಂತಿದೆ, ಗಿಡಗಳೇ ಅದರೊಳಗೆ ಹೋಗಬೇಕು. ಇಲ್ಲಿ ಮನೆಯೇ ಗಿಡದ ಹತ್ತಿರಕ್ಕೆ ಬರುತ್ತದೆ’ ಎಂದರು. ನಂತರ ಮಗಳಿಗೆ ಕಳಿಸಲು ಫೋಟೋ ತೆಗೆಯಲು ಹೇಳಿದರು, ತಮ್ಮದಲ್ಲ, ಹಳಿಯದು.

ಊಟದ ವಿಷಯಕ್ಕೆ ಬರುತ್ತೇನೆ, ನಿನಗೆ ಅದೇ ಬೇಕಲ್ಲವೇ. ಹತ್ತಿರದ ಹೋಟೆಲಿನಲ್ಲಿ ಮಾಂಸ, ಮೊಟ್ಟೆ ಎರಡೂ ಇಲ್ಲದ್ದು ಎಂದು ಹುಡುಕಿದರೆ ಸಿಕ್ಕಿದ್ದು ಒಂದೇ. ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆ, ಜೊತೆಗೆ ಕ್ವಾರ್ಕ್ ಎಂಬ ಗಟ್ಟಿ ಮೊಸರಿನಂಥದ್ದು, ಅದರ ಮೇಲೆ ಅಗಸೆ ಎಣ್ಣೆ. ಈ ಕಡೆಯ ಬಡವರ ಊಟ, ಈಗ ಹೋಟೆಲಿನಲ್ಲಿ ಒಳ್ಳೆಯ ಬೆಲೆಗೆ ಮಾರುತ್ತಾರೆ. ನೀರು ಕೇಳಿದರೆ ಸೋಡಾ ತಂದಿಟ್ಟರು, ಅದಕ್ಕೂ ದುಡ್ಡು ಎಂದು ತಿಳಿದಾಗ ಅಂಕಲ್ ಗಾಜಿನ ಲೋಟವನ್ನೇ ಸ್ವಲ್ಪ ಹೊತ್ತು ನೋಡಿದರು.

ತಟ್ಟೆ ಬಂತು. ಅಂಕಲ್ ಒಂದು ತುಂಡು ಬಾಯಿಗೆ ಹಾಕಿಕೊಂಡವರು ಚಮಚ ಕೆಳಗಿಟ್ಟರು. ‘ಇದು ಅಗಸೆಯೇ?’ ಎಂದರು. ಹೌದು ಎಂದೆ. ಕೈಚೀಲಕ್ಕೆ ಕೈ ಹಾಕಿ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದರು. ಮುಚ್ಚಳ ಬಿಗಿಯಾಗಿತ್ತು, ಎಣ್ಣೆಯ ಜಿಡ್ಡು ಬೇರೆ. ಪಂಚೆಯ ತುದಿ ಇಲ್ಲವಲ್ಲ, ಹೋಟೆಲಿನ ಬಟ್ಟೆಯ ಕರವಸ್ತ್ರದಿಂದಲೇ ಹಿಡಿದು ತಿರುಗಿಸಿದರು. ಒಳಗೆ ಅಗಸೆ ಚಟ್ನಿಪುಡಿ! ಗದಗಿನ ಮನೆಯ ಪದ್ಧತಿಯಂತೆ ಬೆಳ್ಳುಳ್ಳಿ ಹಾಕಿ ಕುಟ್ಟಿದ್ದು. ಆ ಕ್ವಾರ್ಕಿನ ಮೇಲೆ ಎರಡು ಚಮಚ ಉದುರಿಸಿ, ನನ್ನ ತಟ್ಟೆಗೂ ಸುರಿದು, ‘ಎಣ್ಣೆ ಅವರದು, ಪುಡಿ ನಮ್ಮದು, ಬೀಜ ಒಂದೇ’ ಎಂದು ಊಟಕ್ಕೆ ಕುಳಿತರು. ಹೊರಗಿನ ತಿಂಡಿ ಬಿಚ್ಚಿದರೆ ಇಲ್ಲಿನ ಹೋಟೆಲಿನವರಿಗೆ ಆಗುವುದಿಲ್ಲ. ಬಡಿಸುವ ಹೆಂಗಸು ಹುಬ್ಬೇರಿಸಿ ಎರಡು ಸಲ ಹಾದುಹೋದಳು. ಅಂಕಲ್ ಗಮನಿಸಲಿಲ್ಲ. ನಾನು ಗಮನಿಸಿಯೂ ತಿಂದೆ. ಇಷ್ಟು ವರ್ಷ ಸಪ್ಪೆ ಎಂದು ದೂರವಿಟ್ಟಿದ್ದ ಊಟ ಅದು, ಇವತ್ತು ತಟ್ಟೆ ಬಳಿದು ತಿಂದೆ.

ಆಮೇಲೆ ಕಾಫಿ. ಆಗ ಅಂಕಲ್ ನನ್ನ ಕಡೆ ನೋಡದೆ, ನದಿಯ ಕಡೆ ನೋಡುತ್ತಾ ಕೇಳಿದರು: ‘ಅವಳು ನಿನಗೆ ಬರೆಯುತ್ತಾಳಲ್ಲಮ್ಮ, ಸಂತೋಷವಾಗಿದ್ದಾಳೆಯೇ? ಒಂದೇ ಮನೆಯಲ್ಲಿದ್ದೇವೆ. ಬೆಳಗ್ಗೆ ತಿಂಡಿಯ ಹೊತ್ತಿಗೆ ಬ್ಯಾಂಕು ಹೇಗಿದೆ ಎಂದರೆ ಇದೆ ಎನ್ನುತ್ತಾಳೆ. ಅದಕ್ಕೆ ಮೇಲೆ ಏನು ಕೇಳಬೇಕೋ ನನಗೆ ಗೊತ್ತಾಗುವುದಿಲ್ಲ.’

ಅಮ್ಮ, ಅವರು ಡ್ರೆಸ್ಡೆನ್‌ಗೆ ಬಂದದ್ದು ಕೃಂಬಿಗಲ್‌ಗಾಗಿ ಮಾತ್ರವಲ್ಲ ಎಂದು ನನಗೆ ಆಗ ಅನ್ನಿಸಿತು. ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ನನಗೆ ಗೊತ್ತು. ಕೆಟ್ಟದ್ದೇನೂ ಅಲ್ಲ, ಆದರೆ ಅವಳೇ ಹೇಳಬೇಕಾದದ್ದು. ಎದುರಿಗೆ ಕುಳಿತವರು ಇಷ್ಟು ಮರ್ಯಾದೆಯಿಂದ, ಇಷ್ಟು ಸಂಕೋಚದಿಂದ ಕೇಳುವಾಗ ಬಾಯಿ ಮುಚ್ಚಿಕೊಂಡಿರುವುದು ಸುಲಭವಲ್ಲ. ನೀನು ಅವರ ಜಾಗದಲ್ಲಿದ್ದರೆ ನನ್ನ ಬಾಯಿಂದ ಹೇಗಾದರೂ ಹೊರಡಿಸುತ್ತಿದ್ದೆ. ‘ಅಂಕಲ್, ತಿಂಡಿಯ ಹೊತ್ತಿಗೆ ಕೇಳಬೇಡಿ. ರಾತ್ರಿ ಹತ್ತು ಗಂಟೆಯ ಮೇಲೆ ಕೇಳಿ. ಅವಳು ನನ್ನ ಜೊತೆ ಮಾತನಾಡುವುದು ಆ ಹೊತ್ತಿಗೆ, ನನಗೆ ಇಲ್ಲಿ ಸಂಜೆ ಆರೂವರೆ ಆಗಿರುತ್ತದೆ’ ಎಂದೆ. ಅವರು ಸ್ವಲ್ಪ ಯೋಚಿಸಿ, ‘ನಾನು ಒಂಬತ್ತಕ್ಕೇ ಮಲಗಿಬಿಡುತ್ತೇನಲ್ಲ’ ಎಂದರು. ಮತ್ತೆ ಕೇಳಲಿಲ್ಲ. ಬಿಲ್ಲು ಬಂದಾಗ ನಾನು ಪರ್ಸಿಗೆ ಕೈ ಹಾಕಿದ್ದಕ್ಕೆ ಮಾತ್ರ, ಹಿಂದಿನ ಬೆಂಚಿನ ಹುಡುಗರನ್ನು ನೋಡುವ ಹಾಗೆ ಒಂದು ನೋಟ ನೋಡಿದರು. ತೆಪ್ಪಗೆ ಕೈ ಹಿಂದಕ್ಕೆ ತೆಗೆದೆ.

ಅವಳು ನನಗೆ ಬರೆಯುವಾಗ ಪಟಾಕಿ ಸಿಡಿದ ಹಾಗೆ ಬರೆಯುತ್ತಾಳೆ. ಮನೆಯಲ್ಲಿ ‘ಇದೆ’ ಎಂಬ ಒಂದೇ ಮಾತಿನವಳು ಎಂದು ನನಗೆ ಗೊತ್ತಿರಲಿಲ್ಲ. ಇವಳನ್ನು ಬಲ್ಲೆ ಎಂದುಕೊಂಡಿದ್ದ ನನಗೂ, ಹೆತ್ತು ಸಾಕಿದ ಅವರಿಗೂ ಅರ್ಧರ್ಧ ಹುಡುಗಿಯೇ ಸಿಕ್ಕಿದ್ದಾಳೆ. ಟ್ರಾಮಿನಲ್ಲಿ ವಾಪಸು ಬರುವಾಗ ನಾವಿಬ್ಬರೂ ನಮ್ಮ ನಮ್ಮ ಅರ್ಧವನ್ನು ಹೇಳಿಕೊಂಡೆವು. ಶಾಲೆಯಲ್ಲಿ ಅವಳು ಭಾಷಣಕ್ಕೆ ನಿಂತು ಒಂದಕ್ಷರ ಆಡದೆ ಇಳಿದುಬಂದದ್ದನ್ನು ಅವರು ಹೇಳಿದರು. ಅವಳು ಬರೆದು ಕಳಿಸುವ ಪದಬಂಧದ ಸುಳಿವುಗಳನ್ನು ನಾನು ಓದಿ ಹೇಳಿದೆ. ಅಂಕಲ್ ನಗುವುದನ್ನು ನೋಡಿ ಎದುರಿನ ಸೀಟಿನ ಮುದುಕಿಯೂ ನಕ್ಕಳು.

ಈಗ ನಿನಗೆ ನಾಲ್ಕು ಮಾತು. ನಾಳೆ ಸಂಜೆ ಸ್ಟೇಷನ್ನಿನಲ್ಲಿ ಅವರ ಕೈಗೆ ಈ ಪತ್ರದ ಜೊತೆ ಒಂದು ಪೊಟ್ಟಣ ಕೊಡುತ್ತೇನೆ. ನೀನು ಕೇಳಿದ್ದ ಚಾಕು ಅದರಲ್ಲಿದೆ, ಜೋಲಿಂಗೆನ್ ಊರಿನದು; ವಿಮಾನದೊಳಗೆ ಕೈಯಲ್ಲಿ ಒಯ್ಯುವ ಚೀಲಕ್ಕೆ ಹಾಕಬೇಡಿ ಎಂದು ಅವರಿಗೆ ಹೇಳುತ್ತೇನೆ. ಅಪ್ಪನಿಗೆ ಉಣ್ಣೆಯ ಕಾಲುಚೀಲ. ನನ್ನ ಬಗ್ಗೆ ಅವರನ್ನು ಕೆದಕಿ ಕೇಳಬೇಡ. ಟ್ರಾಮಿನಲ್ಲಿ ನಾನೂ ಒಂದೆರಡು ವಿಷಯ ಹೇಳಿಕೊಂಡಿದ್ದೇನೆ. ಗಾಬರಿಯಾಗಬೇಡ, ಮದುವೆಯ ವಿಷಯವಲ್ಲ, ಡಿಸೆಂಬರಿನಲ್ಲಿ ಬಂದಾಗ ನಾನೇ ಹೇಳುತ್ತೇನೆ. ಕೇಳಿದರೂ ಅವರು ಬಾಯಿ ಬಿಡುವವರಲ್ಲ.

ಚಟ್ನಿಪುಡಿಯ ಡಬ್ಬಿಯನ್ನು ನನಗೇ ಕೊಟ್ಟು ಹೋದರು. ‘ಡಬ್ಬಿ ಅಮ್ಮನದು, ಕಳೆಯಬೇಡ’ ಎಂದು ಅವಳು ಆಗಲೇ ಬರೆದಿದ್ದಾಳೆ. ಖಾಲಿ ಡಬ್ಬಿ ಹಿಂತಿರುಗಿಸಬಾರದಲ್ಲ, ಇಲ್ಲಿಂದ ತುಂಬಿಸಿಕೊಡಲು ನನ್ನ ಬಳಿ ಏನಿದೆ? ನೀನೇ ನಿನ್ನ ಹುಳಿಪುಡಿಯನ್ನು ಒಂದು ಡಬ್ಬಿಗೆ ತುಂಬಿ ಜಯನಗರಕ್ಕೆ ಹೋಗಿಬಾ. ಭಾನುವಾರ ಹೋಗು, ಅವಳಿಗೆ ಬ್ಯಾಂಕು ಇರುವುದಿಲ್ಲ. ನನಗಿಂತ ಮೊದಲು ನೀನೇ ಅವಳ ಮುಖ ನೋಡಿದ ಹಾಗೆ ಆಗುತ್ತದೆ. ಹೇಗಿದ್ದಾಳೆ ಎಂದು ಬರೆ, ಫೋನಿನಲ್ಲಿ ಬೇಡ.

ಅಪ್ಪನಿಗೆ ನಮಸ್ಕಾರಗಳು.

ಇಂತಿ ನಿನ್ನ ಮಗಳು