ಲ್ಯಾಪ್‌ಟಾಪನ್ನು ಬಯ್ಯುವ ಮೊದಲು ವಯರ್ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕರಾವಳಿಯ ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ. ಬಲೆ ದುರಸ್ತಿ, ಎಂಜಿನ್ ಕೆಲಸ, ಬಣ್ಣ ಎಲ್ಲವೂ ಆಗಲೇ ಆಗಬೇಕು. ಈಗ ಈ ಪಟ್ಟಿಗೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಕ್ಯಾಬಿನ್ನಿನ ಜಿಪಿಎಸ್ ಮತ್ತು ಸುತ್ತಲಿನ ಹಡಗುಗಳ ಸ್ಥಾನ, ವೇಗ ತಿಳಿಸುವ ಎಐಎಸ್ ಸಾಧನವನ್ನು ಲ್ಯಾಪ್‌ಟಾಪಿಗೆ ಜೋಡಿಸಿ ಓಪನ್‌ಸಿಪಿಎನ್ ಎಂಬ ಉಚಿತ ತಂತ್ರಾಂಶದಲ್ಲಿ ನೋಡುವುದು. ಅಂಗೈಯಗಲದ ಪರದೆಗಿಂತ ಇದು ಎಷ್ಟೋ ವಾಸಿ, ಎದುರು ಬರುವ ಹಡಗು ಎಷ್ಟು ಹತ್ತಿರ ಹಾಯುತ್ತದೆ ಎಂಬ ಲೆಕ್ಕವನ್ನೂ ಅದೇ ಕೊಡುತ್ತದೆ. ಆದರೆ ಜೋಡಿಸಿದ ಮೇಲೆ ಪರದೆ ಖಾಲಿ, ಬೈಗುಳ ಮಾತ್ರ ಲ್ಯಾಪ್‌ಟಾಪಿಗೆ. ಸಾಮಾನ್ಯವಾಗಿ ಕೆಟ್ಟಿರುವುದು ಸಾಧನವೂ ಅಲ್ಲ, ಕಂಪ್ಯೂಟರೂ ಅಲ್ಲ, ಅವೆರಡರ ನಡುವಿನ ನಾಲ್ಕಡಿ ವಯರು.

ಹೆಚ್ಚಿನ ಜಿಪಿಎಸ್‌ಗಳು ಮಾತಾಡುವುದು ಎನ್‌ಎಂಇಎ 0183 ಎಂಬ ಹಳೆಯ ಭಾಷೆಯಲ್ಲಿ. ಹಿಂಬದಿಯ ಕೇಬಲಿನಲ್ಲಿ ಡೇಟಾ ಹೊರಗೆ ಬರುವ ಎರಡು ವಯರುಗಳಿರುತ್ತವೆ: ಎ ಮತ್ತು ಬಿ, ಅಂದರೆ ಪ್ಲಸ್ ಮತ್ತು ಮೈನಸ್. ಬಣ್ಣ ಕಂಪನಿಗೊಂದು ಥರ, ಹಾಗಾಗಿ ಪಕ್ಕದ ಬೋಟಿನಲ್ಲಿ ಹಳದಿ ಇತ್ತು ಎಂದು ಇಲ್ಲೂ ಹಳದಿಯನ್ನೇ ಹಿಡಿಯಬಾರದು, ಕೈಪಿಡಿಯ ಚಿತ್ರ ನೋಡಿಯೇ ಜೋಡಿಸಬೇಕು. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಈ ಎರಡರ ನಡುವೆ ಹಿಡಿದರೆ ಸೆಕೆಂಡಿಗೋ ಎರಡು ಸೆಕೆಂಡಿಗೋ ಒಮ್ಮೆ ಅಂಕಿ ಅಲುಗಾಡಬೇಕು. ಅಲುಗಾಡದಿದ್ದರೆ ಜಿಪಿಎಸ್‌ನ ಮೆನುವಿನಲ್ಲಿ ಡೇಟಾ ಔಟ್ ಆಫ್ ಆಗಿದೆ ಎಂದೇ ಮೊದಲು ತಿಳಿಯಿರಿ. ಗಾರ್ಮಿನ್‌ನ ಹಳೆಯ ಕೈಸೆಟ್‌ಗಳಲ್ಲಿ ಇಂಟರ್‌ಫೇಸ್ ಎಂಬಲ್ಲಿ ಕಂಪನಿಯದೇ ಭಾಷೆ ಆಯ್ಕೆಯಾಗಿರುತ್ತದೆ, ಅದನ್ನು ಎನ್‌ಎಂಇಎಗೆ ಬದಲಿಸಬೇಕು.

ಮುಂದಿನದು ಯುಎಸ್‌ಬಿ ಕನ್ವರ್ಟರ್, ಅಂದರೆ ಈ ವಯರುಗಳ ಡೇಟಾವನ್ನು ಲ್ಯಾಪ್‌ಟಾಪಿನ ಯುಎಸ್‌ಬಿ ಕಿಂಡಿಗೆ ಹೊಂದಿಸುವ ಸಾಧನ. ಎ, ಬಿ ಎರಡೂ ಇರುವ ಸಾಧನಕ್ಕೆ ಆರ್‌ಎಸ್-422 ಕನ್ವರ್ಟರ್ ಬೇಕು, ಎರಡು ಕಡೆಯ ವಿದ್ಯುತ್ತನ್ನು ಬೇರೆಬೇರೆ ಇಡುವ ಐಸೊಲೇಷನ್ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ಎ ವಯರು ಆರ್‌ಎಕ್ಸ್ ಪ್ಲಸ್‌ಗೆ, ಬಿ ವಯರು ಆರ್‌ಎಕ್ಸ್ ಮೈನಸ್‌ಗೆ. ಅಡ್ಡಾದಿಡ್ಡಿ ಅಕ್ಷರ ಬಂದರೆ ಎರಡನ್ನು ಅದಲುಬದಲು ಮಾಡಿ ನೋಡಿ, ಅದರಿಂದ ಏನೂ ಸುಡುವುದಿಲ್ಲ. ಸುಡಬಹುದಾದದ್ದು ಬಿ ವಯರನ್ನು ಬ್ಯಾಟರಿಯ ನೆಗೆಟಿವ್‌ಗೆ ಸೇರಿಸಿದಾಗ, ಮತ್ತು ಇದು ನಮ್ಮಲ್ಲಿ ಬಹಳ ನಡೆಯುವ ತಪ್ಪು. ಒಂದೇ ಡೇಟಾ ವಯರು ಮತ್ತು ಗ್ರೌಂಡ್ ಇರುವ ಸಾಧನಕ್ಕೆ ಸಾದಾ ಆರ್‌ಎಸ್-232 ಕನ್ವರ್ಟರ್ ಸಾಕು: ಒಂಬತ್ತು ಪಿನ್ನಿನಲ್ಲಿ ಡೇಟಾ 2ಕ್ಕೆ, ಗ್ರೌಂಡ್ 5ಕ್ಕೆ. ಅಗ್ಗದ ನಕಲಿ ಚಿಪ್‌ನ ಕನ್ವರ್ಟರನ್ನು ಹೊಸ ವಿಂಡೋಸ್ ಒಪ್ಪುವುದೇ ಇಲ್ಲ. ವಿಂಡೋಸ್‌ನಲ್ಲಿ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಕಂಡರೆ ಇಡೀ ದಿನ ಕೂತು ಡ್ರೈವರ್ ಹುಡುಕುವ ಬದಲು ಎಫ್‌ಟಿಡಿಐ ಕಂಪನಿಯ ಚಿಪ್ ಇರುವುದನ್ನು ತನ್ನಿ.

ಓಪನ್‌ಸಿಪಿಎನ್‌ನಲ್ಲಿ ಆಪ್ಷನ್ಸ್, ಅದರಲ್ಲಿ ಕನೆಕ್ಷನ್ಸ್, ಆ್ಯಡ್ ಕನೆಕ್ಷನ್, ಸೀರಿಯಲ್. ಡಿವೈಸ್ ಮ್ಯಾನೇಜರ್ ತೋರಿಸುವ ಕಾಮ್ ಪೋರ್ಟ್ ಸಂಖ್ಯೆಯನ್ನು ಇಲ್ಲಿ ಕೊಡಬೇಕು. ಡೇಟಾ ಹರಿಯುವ ವೇಗ (ಬಾಡ್ ರೇಟ್) ಸಾದಾ ಜಿಪಿಎಸ್‌ಗೆ 4800, ಎಐಎಸ್‌ಗೆ 38400. ಎಐಎಸ್‌ಗೆ 4800 ಇಟ್ಟರೆ ಬರೀ ಕಸ ಕಾಣುತ್ತದೆ. ಎಐಎಸ್‌ಗೆ ಹೆಚ್ಚಿನ ವೇಗ ಯಾಕೆಂದರೆ, 4800ರಲ್ಲಿ ಸೆಕೆಂಡಿಗೆ ಹೋಗುವುದು 480 ಅಕ್ಷರ. ಒಂದು ಸಾಲು 82 ಅಕ್ಷರದವರೆಗೆ ಇರಬಹುದು, ಅಂದರೆ ಉದ್ದದ ಸಾಲುಗಳಾದರೆ ಸೆಕೆಂಡಿಗೆ ಐದು. ಹಡಗುಗಳು ಹೆಚ್ಚಿರುವ ಕಡೆ ಇದು ಏತಕ್ಕೂ ಸಾಲದು. ಜಿಪಿಎಸ್ ಮತ್ತು ಎಐಎಸ್‌ನ ವಯರುಗಳನ್ನು ಒಟ್ಟಿಗೆ ತಿರುಚಿ ಒಂದೇ ಕನ್ವರ್ಟರಿಗೆ ಕೊಡುವುದಂತೂ ಕೂಡದು. ಇಬ್ಬರು ಒಟ್ಟಿಗೆ ಮಾತಾಡಿದರೆ ಯಾರ ಮಾತೂ ತಿಳಿಯದು. ಎರಡು ಕನ್ವರ್ಟರ್ ಹಾಕಿ, ಇಲ್ಲವೇ ಎರಡರ ಸಾಲುಗಳನ್ನು ಒಂದಾದ ಮೇಲೊಂದರಂತೆ ಕಳಿಸುವ ಮಲ್ಟಿಪ್ಲೆಕ್ಸರ್ ತನ್ನಿ.

ಬರುತ್ತಿರುವ ಸಾಲುಗಳನ್ನು ನೋಡಲು ತಂತ್ರಾಂಶದಲ್ಲೇ ಒಂದು ಕಿಟಕಿಯಿದೆ. ಜಿಪಿಎಸ್ ಸಾಲು ಡಾಲರ್ ಚಿಹ್ನೆಯಿಂದ, ಎಐಎಸ್ ಸಾಲು ಆಶ್ಚರ್ಯಸೂಚಕದಿಂದ ಶುರುವಾಗುತ್ತದೆ. ಆರ್‌ಎಂಸಿ ಎಂಬ ಸಾಲಿನಲ್ಲಿ ಸಮಯದ ಪಕ್ಕದ ಅಕ್ಷರ ‘ಎ’ ಇದ್ದರೆ ಸ್ಥಾನ ಸಿಕ್ಕಿದೆ, ‘ವಿ’ ಇದ್ದರೆ ಇಲ್ಲ. ‘ವಿ’ ಬರುತ್ತಿದ್ದರೆ ಕನ್ವರ್ಟರನ್ನು ಬಿಚ್ಚಬೇಡಿ, ಮೇಲೆ ಹತ್ತಿ ಆ್ಯಂಟೆನಾ ನೋಡಿ.

ವಿಂಡೋಸ್‌ನ ಒಂದು ವಿಚಿತ್ರ ಕಾಟವಿದೆ. ಜಿಪಿಎಸ್ ಚಾಲೂ ಇರುವಾಗ ಲ್ಯಾಪ್‌ಟಾಪ್ ಆನ್ ಮಾಡಿದರೆ ಅದು ಬರುವ ಡೇಟಾವನ್ನು ಹಳೆಯ ಸೀರಿಯಲ್ ಮೌಸ್ ಎಂದು ತಿಳಿದುಬಿಡುತ್ತದೆ. ಬಾಣ ಪರದೆ ತುಂಬ ದೆವ್ವ ಹಿಡಿದಂತೆ ಓಡುತ್ತದೆ, ವೈರಸ್ ಎಂದು ಇಡೀ ವಿಂಡೋಸ್ ಅಳಿಸಿ ಹಾಕಿದವರೂ ಇದ್ದಾರೆ. ಕನ್ವರ್ಟರ್ ಕಿತ್ತು, ಲ್ಯಾಪ್‌ಟಾಪ್ ಪೂರ್ತಿ ಶುರುವಾದ ಮೇಲೆ ಚುಚ್ಚಿದರಾಯಿತು. ಮತ್ತೆ ಬಂದರೆ ಡಿವೈಸ್ ಮ್ಯಾನೇಜರಿನ ಮೌಸ್ ಪಟ್ಟಿಯಲ್ಲಿ ಸೀರಿಯಲ್ ಬಾಲ್‌ಪಾಯಿಂಟ್ ಎಂಬುದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಮುಂದಿನ ಸಲ ಮತ್ತೆ ಹಾಜರಾಗುತ್ತದೆ. ಕನ್ವರ್ಟರನ್ನು ಯಾವಾಗಲೂ ಒಂದೇ ಯುಎಸ್‌ಬಿ ಕಿಂಡಿಗೆ ಹಾಕಿ, ಕಿಂಡಿ ಬದಲಾದರೆ ಪೋರ್ಟ್ ಸಂಖ್ಯೆಯೂ ಬದಲಾಗಬಹುದು.

ದಕ್ಕೆಯಲ್ಲಿ ಸರಿಯಿದ್ದು ಸಮುದ್ರದಲ್ಲಿ ಕೈಕೊಡುವುದಕ್ಕೆ ಮುಖ್ಯ ಕಾರಣ ಉಪ್ಪು. ತಿರುಚಿ ಟೇಪು ಸುತ್ತಿದ ತಾಮ್ರ ಹಸಿರುಗಟ್ಟುತ್ತದೆ. ತವರ ಲೇಪಿಸಿದ ವಯರು, ಬೆಸುಗೆ ಅಥವಾ ಕ್ರಿಂಪ್, ಅದರ ಮೇಲೆ ಬಿಸಿ ಮಾಡಿದರೆ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ವಯರ್‌ಲೆಸ್‌ನಲ್ಲಿ ಮಾತಾಡಲು ಬಟನ್ ಒತ್ತಿದಾಗಲೆಲ್ಲ ಡೇಟಾ ನಿಂತರೆ ಯುಎಸ್‌ಬಿ ಕೇಬಲನ್ನು ಆ್ಯಂಟೆನಾ ಕೇಬಲಿನಿಂದ ದೂರ ಎಳೆದು, ಎರಡು ತುದಿಗೂ ರೇಡಿಯೋ ಅಡಚಣೆ ತಡೆಯುವ ಫೆರೈಟ್ ಮಣಿ ಹಾಕಿ.

ಎಲ್ಲ ಜೋಡಿಸಿದ ಮೇಲೂ ಅಂಕಿ ಬರೆಯುವಲ್ಲಿ ಎಡವುವುದುಂಟು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್ಕಾಯ್ಸ್ ಕೊಡುವ ಮೀನು ಸಿಗುವ ತಾಣಗಳ ಸೂಚನೆಯಲ್ಲಿ ಅಕ್ಷಾಂಶ ಡಿಗ್ರಿ, ನಿಮಿಷ, ಸೆಕೆಂಡಿನಲ್ಲಿರುತ್ತದೆ. 13 ಡಿಗ್ರಿ 21 ನಿಮಿಷ 50 ಸೆಕೆಂಡನ್ನು 13 ಡಿಗ್ರಿ 21.50 ನಿಮಿಷ ಎಂದು ತುಂಬಿದರೆ 600 ಮೀಟರಿಗೂ ಹೆಚ್ಚು ದೂರ ತಪ್ಪುತ್ತದೆ. 13.2150 ಡಿಗ್ರಿ ಎಂದು ತುಂಬಿದರಂತೂ ಸುಮಾರು 16 ಕಿಲೋಮೀಟರ್! ಜತೆಗೆ, ಓಪನ್‌ಸಿಪಿಎನ್ ಹಾಕಿದ ಕೂಡಲೇ ಕಾಣುವ ನಕ್ಷೆ ಬರೀ ದಡದ ಒರಟು ಗೆರೆ. ಕಲ್ಲುಬಂಡೆ, ಆಳ ಯಾವುದೂ ಅದರಲ್ಲಿಲ್ಲ. ಅದನ್ನೇ ನಂಬಿ ಅಳಿವೆ ಬಾಗಿಲು ಹೊಗಬಾರದು. ಎಐಎಸ್ ಇಲ್ಲದ ದೋಣಿಗಳೂ ಆ ಪರದೆಯಲ್ಲಿ ಕಾಣುವುದಿಲ್ಲ.

ಮೀನುಗಾರಿಕೆ ಇಲಾಖೆಗೆ ನಮ್ಮ ಕೋರಿಕೆ ಚಿಕ್ಕದು. ಈ ರಜೆಯಲ್ಲೇ ಮಂಗಳೂರು, ಮಲ್ಪೆ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಅರ್ಧ ದಿನದ ತರಬೇತಿ ಇಡಲಿ. ಭಾಷಣ ಬೇಡ, ಒಂದು ಜಿಪಿಎಸ್, ಒಂದು ಕನ್ವರ್ಟರ್, ಒಂದು ಮಲ್ಟಿಮೀಟರ್ ಸಾಕು. ಸಾಧನ ಮಾರುವವರು ಯಾವ ಬಣ್ಣದ ವಯರು ಯಾವುದಕ್ಕೆ, ವೇಗ ಎಷ್ಟು ಎಂಬುದನ್ನು ಕನ್ನಡದಲ್ಲಿ ಬರೆದು ಸಾಧನದ ಬೆನ್ನಿಗೇ ಅಂಟಿಸಿ ಕೊಡಲಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಕೈಪಿಡಿಯ ಇಂಗ್ಲಿಷ್ ಓದುವ ಸ್ಥಿತಿಯಲ್ಲಿ ಬೋಟ್ ನಡೆಸುವ ತಾಂಡೇಲ ಇರುವುದಿಲ್ಲ.

– ಬೋಟ್ ಎಲೆಕ್ಟ್ರಾನಿಕ್ಸ್ ಕೆಲಸಗಾರರು, ಮಲ್ಪೆ