ನಿನಗೊಬ್ಬಳಿಗೇ ಕಾಣುವ ಜಾಹೀರಾತು

ಅಮ್ಮಣ್ಣಿ,

ದೀಪಾವಳಿಗೆ ಬಂದಿದ್ದಾಗ ನಿನ್ನ ಬ್ಯಾಗಿನಲ್ಲಿ ಅಮ್ಮನಿಗೆ ಎನರ್ಜಿ ಡ್ರಿಂಕಿನ ಮೂರು ಖಾಲಿ ಡಬ್ಬಿ ಸಿಕ್ಕಿದವು. "ರಾತ್ರಿ ಓದೋವಾಗ ನಿದ್ದೆ ಬರಬಾರದು ಅಂತ ಕುಡೀತೀನಿ ಅಪ್ಪ, ಪಿಜಿಯಲ್ಲಿ ಎಲ್ಲರೂ ಕುಡೀತಾರೆ" ಅಂದೆ. ನಾನು ಸುಮ್ಮನಾದೆ. ನಮ್ಮ ಅಂಗಡಿಯಲ್ಲೂ ಅದೇ ಡಬ್ಬಿ ಇದ್ದಾಗ ನಿನಗೆ ಏನಂತ ಹೇಳಲಿ?

ನಮ್ಮ ಅಂಗಡಿಯ ಫ್ರಿಜ್ಜನ್ನು ಆ ಡ್ರಿಂಕಿನ ಕಂಪನಿಯವರೇ ಕೊಟ್ಟಿದ್ದು. ಅವರ ಮಾಲನ್ನೇ ಎದುರಿಗೆ ಜೋಡಿಸಬೇಕು ಅನ್ನುವುದು ಮಾತು. ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಬರುವ ರೈತರು ಅದನ್ನು ಮುಟ್ಟುವುದಿಲ್ಲ. ಅವರಿಗೆ ಟೀ ಸಾಕು. ಕೇಳುವವರು ಕಾಲೇಜು ಹುಡುಗರು. ಫೋನ್ ನನ್ನ ಕಡೆ ತಿರುಗಿಸಿ, ರೀಲ್ ತೋರಿಸಿ, "ಅಂಕಲ್, ಇದು ಇದೆಯಾ?" ಅನ್ನುತ್ತಾರೆ.

ಮಾರನೇ ದಿನ ನಮ್ಮಿಬ್ಬರ ಫೋನು ಅಡುಗೆಮನೆ ಕಟ್ಟೆ ಮೇಲೆ ಪಕ್ಕಪಕ್ಕ ಇದ್ದವಲ್ಲ, ನೆನಪಿದೆಯಾ? ನನ್ನದರಲ್ಲಿ ಮಂಡಿನೋವಿನ ಎಣ್ಣೆ, ಒಡವೆ ಸಾಲ. ನಿನ್ನದರಲ್ಲಿ ಪುಸ್ತಕ ಹರಡಿಕೊಂಡು ಕೂತ ಒಬ್ಬ ಹುಡುಗಿ, ಟೇಬಲ್ ಮೇಲೆ ಆ ಡಬ್ಬಿ. ಒಂದೇ ಮನೆ, ಒಂದೇ ವೈಫೈ. ಆದರೂ ಆ ಹುಡುಗಿ ನನಗೆ ಯಾವತ್ತೂ ಕಂಡಿಲ್ಲ. ಬಸ್ ಸ್ಟ್ಯಾಂಡ್ ಗೋಡೆಯ ಜಾಹೀರಾತು ಊರಿಗೆಲ್ಲ ಕಾಣುತ್ತದೆ, ಸರಿಯಿಲ್ಲದಿದ್ದರೆ ನಾಲ್ಕು ಜನ ಬೈಯುತ್ತಾರೆ. ಇದು ನೀನು ಏನು ನೋಡುತ್ತೀಯ, ಎಲ್ಲಿ ನಿಲ್ಲುತ್ತೀಯ ಅಂತ ಲೆಕ್ಕ ಇಟ್ಟುಕೊಂಡು ನಿನ್ನನ್ನೇ ಹುಡುಕಿಕೊಂಡು ಬರುತ್ತದೆ. ನನಗೆ ಭಯ ಆಗಿದ್ದು ಇದಕ್ಕೆ.

ಆ ರೀಲಿನ ಹುಡುಗಿ ಗೆಳತಿ ಥರ ಮಾತಾಡುತ್ತಾಳೆ. ಆದರೆ ಅವಳ ಹೆಸರಿನ ಕೆಳಗೆ ಸಣ್ಣಗೆ 'ಪೇಯ್ಡ್ ಪಾರ್ಟ್‌ನರ್‌ಶಿಪ್' ಅಂತಿತ್ತು, ಅಂದರೆ ಕಂಪನಿ ದುಡ್ಡು ಕೊಟ್ಟು ಹೇಳಿಸಿದ್ದು. ನೀನು ಗಮನಿಸಲಿಲ್ಲ ಅನ್ನಿಸುತ್ತದೆ. ದುಡ್ಡು ತಗೊಂಡು ಹೇಳುವವರು ಅದನ್ನು ಎದ್ದು ಕಾಣುವ ಹಾಗೆ ತಿಳಿಸಬೇಕು ಅಂತ ಕೇಂದ್ರ ಸರ್ಕಾರ 2023ರಲ್ಲೇ ಹೇಳಿದೆ.

ನೀನು ಹೋದ ಮೇಲೆ ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂಭಾಗ ಓದಿದೆ. ಕೆಫೀನ್ ಜಾಸ್ತಿ ಇದೆ, ಮಕ್ಕಳಿಗೆ, ಗರ್ಭಿಣಿಯರಿಗೆ ಬೇಡ, ದಿನಕ್ಕೆ 500 ಎಂ.ಎಲ್. ಮೀರಬಾರದು ಅಂತೆಲ್ಲ ಬರೆದಿದೆ. ರೀಲಿನಲ್ಲಿ ಇದನ್ನು ಯಾರು ಓದಿ ಹೇಳುತ್ತಾರೆ? 250 ಎಂ.ಎಲ್.ಗೆ 27 ಗ್ರಾಂ ಸಕ್ಕರೆ. ಅಷ್ಟು ಸಕ್ಕರೆ ಸ್ಟೀಲ್ ತಟ್ಟೆಗೆ ಸುರಿದೆ. ಆರು ಚಮಚ ದಾಟಿತು. ನಿಮ್ಮಮ್ಮ ಬಂದು ನೋಡಿ ಅಲ್ಲೇ ಕೂತುಬಿಟ್ಟಳು. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೆಫೀನ್ 80 ಮಿಲಿಗ್ರಾಂ. ಅದರಲ್ಲಿ ಅರ್ಧ ಇಳಿಯೋಕೆ ಸುಮಾರು ಐದು ಗಂಟೆ ಬೇಕು. ರಾತ್ರಿ ಹನ್ನೊಂದಕ್ಕೆ ಕುಡಿದರೆ ಬೆಳಗಿನ ಜಾವ ನಾಲ್ಕಕ್ಕೂ ಅರ್ಧ ಒಳಗೇ ಇರುತ್ತದೆ. ಎದೆ ಡವಡವ ಅನ್ನುತ್ತೆ, ಮಲಗಿದರೂ ನಿದ್ದೆ ಬರಲ್ಲ ಅಂತಿದ್ದೆಯಲ್ಲ ಅಮ್ಮಣ್ಣಿ.

ಸೋಮವಾರ ಅಂಗಡಿಗೆ ಮಾಲು ಹಾಕುವ ಲೈನ್ ಹುಡುಗ ಬಂದಾಗ ಇನ್ನು ಆ ಮಾಲು ಬೇಡ ಅಂದೆ. ಫ್ರಿಜ್ ವಾಪಸ್ ತಗೊಂಡು ಹೋಗುತ್ತಾರಂತೆ. ಹೋಗಲಿ. ನಮ್ಮ ಹಳೇದನ್ನು ರಿಪೇರಿಗೆ ಕೊಟ್ಟಿದ್ದೇನೆ.

ಅಮ್ಮ ಹುರಿಹಿಟ್ಟು ಮಾಡಿದ್ದಾಳೆ, ಭಾನುವಾರ ನಾನೇ ತರುತ್ತೇನೆ. ಪರೀಕ್ಷೆ ಟೈಮ್‌ಟೇಬಲ್ ಬಂದ ಕೂಡಲೇ ಫೋನ್ ಮಾಡು.

ನಿನ್ನ ಅಪ್ಪ