ರೇಷ್ಮೆ ಹುಳು ಮನೆ ಕಂಪ್ಯೂಟರಿಗೆ ಒಂದು ಗಡಿಯಾರ

ಸ್ಟುಟ್‌ಗಾರ್ಟ್, ಜರ್ಮನಿ

ಪ್ರೀತಿಯ ಪುಟ್ಟಾ,

ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅಮ್ಮ ಕಳಿಸಿದ ಹುಚ್ಚೆಳ್ಳು ಪುಡಿ ಬಂತು. ದಿನಾ ರೊಟ್ಟಿ ಜೊತೆ ಅದೇ ಊಟ.

ನೀನು ಕಳಿಸಿದ ರೇಷ್ಮೆ ಹುಳು ಮನೆಯ ಶಾಖ, ತೇವಾಂಶದ ಲೆಕ್ಕ ಪೂರ್ತಿ ನೋಡಿದೆ. ಹಳೇ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸೆನ್ಸರ್ ಕಟ್ಟಿ ಎಷ್ಟು ಅಚ್ಚುಕಟ್ಟಾಗಿ ಮಾಡಿದ್ದೀಯ! ಶಿಡ್ಲಘಟ್ಟದ ಸುತ್ತ ಇಷ್ಟೊಂದು ಮನೆಯಲ್ಲಿ ಹುಳು ಸಾಕ್ತಾರೆ. ಎಲ್ಲರಿಗೂ ಇಂಥ ಲೆಕ್ಕ ಸಿಗಬೇಕು ಅನ್ನಿಸಿತು.

ಆದರೆ ಮೂರನೇ ಜ್ವರದ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿನ) ರಾತ್ರಿ ನೋಡು. 11 ಗಂಟೆಗೆ 26 ಡಿಗ್ರಿ. ಅದರ ಕೆಳಗಿನ ಸಾಲಿನಲ್ಲೇ 21. ಹತ್ತು ನಿಮಿಷದಲ್ಲಿ ಮನೆ ಅಷ್ಟು ತಣ್ಣಗಾಗುವುದಿಲ್ಲ. ಅವತ್ತು ಕರೆಂಟು ಹೋಗಿ ಬೆಳಗಿನ ಜಾವ ಬಂತು ಅಂತ ಅಪ್ಪ ಹೇಳಿದ್ದರು. ಕಂಪ್ಯೂಟರ್ ಮತ್ತೆ ಹತ್ತಿಕೊಂಡಾಗ ಇನ್ನೂ ರಾತ್ರಿ 11 ಅಂದುಕೊಂಡು ಬರೆಯುತ್ತಾ ಹೋಗಿದೆ.

ಅದಕ್ಕೆ ಕಾರಣ ಇದು. ಪೈ 4ರವರೆಗಿನ ಯಾವ ಬೋರ್ಡಿನಲ್ಲೂ ಬ್ಯಾಟರಿ ಮೇಲೆ ಓಡುವ ಗಡಿಯಾರ ಇಲ್ಲ. ಇಂಟರ್ನೆಟ್ ಸಿಕ್ಕರೆ ಅಲ್ಲಿಂದ ಸಮಯ ತಗೊಳ್ಳುತ್ತೆ. ಸಿಗದಿದ್ದರೆ ಹಿಂದೆ ಬರೆದಿಟ್ಟುಕೊಂಡ ಸಮಯದಿಂದಲೇ ಮುಂದುವರಿಯುತ್ತೆ. ಫೇಕ್ ಹೆಚ್‌ಡಬ್ಲ್ಯೂ ಕ್ಲಾಕ್ ಅನ್ನೋ ಪುಟ್ಟ ಪ್ರೋಗ್ರಾಂ ಗಂಟೆಗೊಮ್ಮೆ ಅದನ್ನು ಬರೆದಿಡುತ್ತೆ. ನಮ್ಮ ಹುಳು ಮನೆಗೆ ಇಂಟರ್ನೆಟ್ ಅಂದ್ರೆ ನಿನ್ನ ಜೇಬಿನ ಫೋನ್. ನೀನು ಮಲಗಿದ್ದರೆ ಅದೂ ಇಲ್ಲ, ಅಲ್ವಾ? ಶಾಖ ಸರಿಯಾಗಿ ಅಳೆದು ಹೊತ್ತು ತಪ್ಪಾಗಿ ಬರೆದರೆ, ಬೆಳಗಿನ ಜಾವದ ಚಳಿ ರಾತ್ರಿಯ ತಲೆಗೆ ಬೀಳುತ್ತೆ. ಆಮೇಲೆ ಅಪ್ಪ ಹೀಟರ್ ಹಾಕೋ ಹೊತ್ತನ್ನೇ ಬದಲಾಯಿಸಿಬಿಡುತ್ತಾರೆ.

ಅದಕ್ಕೇ ಗಡಿಯಾರದ ಮಾಡ್ಯೂಲ್ ಒಂದನ್ನು ಹಾಕಲೇಬೇಕು. ಬೇರೆ ದಾರಿಗಳನ್ನೂ ಯೋಚನೆ ಮಾಡಿದೆ. ಜರ್ಮನಿಯಲ್ಲಿ ಗೋಡೆ ಗಡಿಯಾರಗಳೇ ಫ್ರಾಂಕ್‌ಫರ್ಟ್ ಹತ್ತಿರದ ಒಂದು ರೇಡಿಯೋ ಕೇಂದ್ರದಿಂದ ಸಮಯ ಸರಿ ಮಾಡಿಕೊಳ್ಳುತ್ತವೆ. ಆ ಸಿಗ್ನಲ್ ಸುಮಾರು 2000 ಕಿಲೋಮೀಟರ್ ಮುಟ್ಟುತ್ತೆ, ನಮ್ಮೂರಿಗೆ ಬರಲ್ಲ. ಜಿಪಿಎಸ್ ಮಾಡ್ಯೂಲ್ ಆಕಾಶ ಕಾಣಬೇಕು ಅನ್ನುತ್ತೆ, ಹುಳು ಮನೆಯೊಳಗೆ ಕಷ್ಟ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಮಾತ್ರ ಸಿಗಿಸಬೇಕು. ಆದರೆ ಅಷ್ಟಕ್ಕೆ ಹೊಸ ಬೋರ್ಡ್ ಯಾಕೆ? ಯುಪಿಎಸ್ ಇಟ್ಟರೂ ಮನೆ ತೊಳೆಯುವಾಗ ನೀನೇ ಆರಿಸ್ತೀಯ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದರೆ ಎರಡು ಗಡಿಯಾರದ ಚಿಪ್‌ಗಳು ಸಿಗುತ್ತವೆ, ಡಿಎಸ್1307 ಮತ್ತು ಡಿಎಸ್3231. ಮೊದಲನೆಯದು ಅಗ್ಗ. ನೀನು 3231 ತಗೋ. ಎಲ್ಲರೂ ಅದಕ್ಕೆ ಕೊಡುವ ಕಾರಣ ನಿಖರತೆ. ಗಡಿಯಾರದ ಹರಳು ಸೆಕೆಂಡಿಗೆ 32,768 ಸಲ ಮಿಡಿಯುತ್ತೆ, ಶಾಖ ಏರಿಳಿದರೆ ಆ ಮಿಡಿತ ಸ್ವಲ್ಪ ನಿಧಾನ ಆಗುತ್ತೆ. 3231 ತನ್ನ ಶಾಖವನ್ನು ತಾನೇ ಅಳೆದು ಅದನ್ನು ಸರಿ ಮಾಡಿಕೊಳ್ಳುತ್ತೆ. 0ರಿಂದ 40 ಡಿಗ್ರಿಯೊಳಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ನಿಮಿಷ ಆಚೀಚೆ. 1307 ಜೊತೆ ಬರುವ ಸಾಮಾನ್ಯ ಹರಳು ತಿಂಗಳಿಗೇ ಒಂದು ನಿಮಿಷದ ಹತ್ತಿರ ತಪ್ಪಬಹುದು.

ನಿಜ ಹೇಳಬೇಕೆಂದರೆ ಹುಳು ಸಾಕೋರಿಗೆ ತಿಂಗಳಿಗೆ ಒಂದು ನಿಮಿಷ ಲೆಕ್ಕಕ್ಕಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ವೋಲ್ಟೇಜು. 1307ಕ್ಕೆ 5 ವೋಲ್ಟ್ ಬೇಕು, ಪೈ ಪಿನ್ನುಗಳು ತಡೆಯೋದು 3.3 ಮಾತ್ರ. ಮಾಡ್ಯೂಲಿನಿಂದ 5 ವೋಲ್ಟ್ ಆ ಪಿನ್ನುಗಳಿಗೆ ಬಂದರೆ ಬೋರ್ಡೇ ಹೋಗಬಹುದು. 3231 ನೇರ 3.3ರಲ್ಲೇ ಕೆಲಸ ಮಾಡುತ್ತೆ. ಅದರೊಳಗೂ ಶಾಖ ಓದುವ ಸೆನ್ಸರ್ ಇದೆ, ಆದರೆ ಅದು 3 ಡಿಗ್ರಿಯವರೆಗೆ ತಪ್ಪಬಹುದು. ಹುಳುಗಳಿಗೆ ನಿನ್ನ ಸೆನ್ಸರೇ ಇರಲಿ.

ಬ್ಯಾಟರಿ ವಿಷಯದಲ್ಲಿ ಮಾತ್ರ ತುಂಬಾ ಹುಷಾರು. ಜಾಸ್ತಿ ಸಿಗೋ ನೀಲಿ ಮಾಡ್ಯೂಲಿನಲ್ಲಿ (ಜೆಡ್‌ಎಸ್-042 ಅಂತ ಬರೆದಿರುತ್ತೆ) ಚಾರ್ಜ್ ಮಾಡೋ ಸರ್ಕ್ಯೂಟ್ ಇದೆ. ಅದು ಎಲ್‌ಐಆರ್2032 ಅನ್ನೋ ಚಾರ್ಜಬಲ್ ಸೆಲ್ಲಿಗೆ ಮಾಡಿದ್ದು. ನಮ್ಮ ಅಂಗಡಿಗಳಲ್ಲಿ ಸಿಗೋದು ಸಿಆರ್2032. ಅದನ್ನು ಹಾಕಿ 5 ವೋಲ್ಟ್ ಕೊಟ್ಟರೆ, ಚಾರ್ಜ್ ಆಗಬಾರದ ಸೆಲ್ಲಿಗೆ ಕರೆಂಟು ನುಗ್ಗಿ ಅದು ಊದಿಕೊಳ್ಳಬಹುದು. ಹಾಗಾಗಿ 3.3 ವೋಲ್ಟಿಗೇ ಜೋಡಿಸು. ಅದರ ಮೇಲೆ, ಬೋರ್ಡಿನಲ್ಲಿ 201 ಅಂತ ಬರೆದ ಪುಟ್ಟ ರೆಸಿಸ್ಟರನ್ನೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ತೆಗೆಸಿಬಿಡು. ಬೆಸುಗೆ ಹಾಕಿದ ಸೆಲ್ ಇರೋ ಇನ್ನೂ ಚಿಕ್ಕ ಮಾಡ್ಯೂಲ್ ಬೇಡ. ಸೆಲ್ ಮುಗಿದರೆ ಬದಲಾಯಿಸೋಕೆ ಆಗಲ್ಲ.

ಜೋಡಿಸೋದು ಸುಲಭ. 1ನೇ ಪಿನ್ 3.3 ವೋಲ್ಟ್, 3 ಎಸ್‌ಡಿಎ (ಮಾಹಿತಿಯ ತಂತಿ), 5 ಎಸ್‌ಸಿಎಲ್ (ತಾಳದ ತಂತಿ), 9 ಗ್ರೌಂಡ್. ಸೆಟ್ಟಿಂಗಿನಲ್ಲಿ ಐ2ಸಿ (ಪೈ, ಚಿಪ್ಪು ಮಾತಾಡಿಕೊಳ್ಳೋ ದಾರಿ) ಆನ್ ಮಾಡು, ಚಿಪ್ಪಿನ ಹೆಸರು ಸೇರಿಸು, ಫೇಕ್ ಹೆಚ್‌ಡಬ್ಲ್ಯೂ ಕ್ಲಾಕ್ ತೆಗೆದುಹಾಕು. ಫೋನಿನ ಇಂಟರ್ನೆಟ್‌ನಿಂದ ಸಮಯ ಬಂದ ಮೇಲೆ ಅದನ್ನು ಚಿಪ್ಪಿಗೆ ಬರೆ. ಚಿಪ್ಪಿನ ಸಮಯ ಐದೂವರೆ ಗಂಟೆ ಹಿಂದೆ ಕಂಡರೆ ಗಾಬರಿ ಬೇಡ. ಅದು ಯುಟಿಸಿ, ಅಂದ್ರೆ ಜಗತ್ತಿಗೆಲ್ಲ ಒಂದೇ ಆದ ಸಮಯ, ಹಾಗೇ ಇರಬೇಕು. ಆಮೇಲೆ ಫೋನ್ ದೂರ ಇಟ್ಟು, ಕಂಪ್ಯೂಟರನ್ನು ಸರಿಯಾಗಿ ಆರಿಸಿ, ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಹಚ್ಚಿ ನೋಡು.

ಪೆಟ್ಟಿಗೆಗೆ ಮುಚ್ಚಳ ಹಾಕಿಸು. ಜ್ವರದಲ್ಲಿ ಚೆಲ್ಲುವ ಸುಣ್ಣದ ಪುಡಿ ಒಳಗೆ ಹೋಗಬಾರದು. ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯುವ ದಿನ ಪೂರ್ತಿ ಹೊರಗೆ ಇಟ್ಟುಬಿಡು, ಅದರ ಹಬೆಗೆ ಪಿನ್ನುಗಳು ಹಾಳಾಗುತ್ತವೆ. ಸೆಲ್ ಹಾಕಿದ ತಾರೀಕನ್ನು ಮುಚ್ಚಳದ ಮೇಲೆ ಬರೆದಿಡು.

ಮುಂದಿನ ಚಾಕಿ ಹುಳು (ಮರಿ ಹುಳು) ತರೋ ಮುಂಚೆ ಇದೆಲ್ಲ ಆಗಲಿ. ದುಡ್ಡು ನಾನು ಹಾಕ್ತೀನಿ, ಅಪ್ಪನ ಹತ್ತಿರ ಕೇಳಬೇಡ. ಹುಳು ಬಂದು ಮೊದಲ ಸಲ ಜ್ವರ ಎದ್ದ ಮೇಲೆ ಹೊಸ ಲೆಕ್ಕ ಕಳಿಸು.

ನಿನ್ನ ಅಕ್ಕ